ಹೆದ್ದಾರಿಯಲ್ಲಿ ನಿಂತ ಎಲ್‌ಎನ್‌ಜಿ ಟ್ಯಾಂಕರ್‌ನಿಂದ ಬಿಳಿ ಆವಿ ಬಂದರೆ ನೀರು ಸುರಿಯಬಹುದೇ?

ಪ್ರಶ್ನೆ: ಮದ್ದೂರು ತಾಲ್ಲೂಕಿನ ಶಿಕ್ಷಕ

ನಮ್ಮ ಊರು ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಬೆಂಗಳೂರು–ಮೈಸೂರು ಹೆದ್ದಾರಿಯ ಸರ್ವಿಸ್ ರಸ್ತೆಗೆ ಅಂಟಿಕೊಂಡಂತೆ ಇದೆ. ಕಳೆದ ಮಾಗಿಯಲ್ಲಿ ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗದ ಹೊತ್ತಿನಲ್ಲಿ, ಅಲ್ಲಿ ನಿಂತಿದ್ದ ಉದ್ದನೆಯ ಟ್ಯಾಂಕರೊಂದರ ಹಿಂಬದಿಯ ಕೊಳವೆಯಿಂದ ಬುಸ್ಸೆಂಬ ಸದ್ದಿನೊಡನೆ ಬಿಳಿ ಆವಿ ಹೊರಬರತೊಡಗಿತು. ಟ್ಯಾಂಕರ್‌ನ ಮೇಲೆ ಕೆಂಪು ವಜ್ರಾಕೃತಿಯ ಗುರುತೂ 1972 ಎಂಬ ಸಂಖ್ಯೆಯೂ ಇದ್ದವು. ಊರಿನವರು ಬಿಂದಿಗೆಗಳಲ್ಲಿ ನೀರು ತಂದರು, ಒಬ್ಬರು ಟ್ರ್ಯಾಕ್ಟರ್‌ಗೆ ನೀರಿನ ಟ್ಯಾಂಕ್ ಕಟ್ಟಿಕೊಂಡೇ ಬಂದರು. ಚಾಲಕ ಕೈಮುಗಿದು ಎಲ್ಲರನ್ನೂ ತಡೆದ. ಸ್ವಲ್ಪ ಹೊತ್ತಿನಲ್ಲಿ ಆವಿ ತಾನಾಗಿಯೇ ನಿಂತು, ಟ್ಯಾಂಕರ್ ಹೊರಟುಹೋಯಿತು.

ಅಂದಿನಿಂದ ಊರಿನಲ್ಲಿ ಎರಡು ಮಾತು ನಡೆಯುತ್ತಿವೆ. ಚಾಲಕ ತನ್ನ ತಪ್ಪನ್ನು ಮುಚ್ಚಿಕೊಳ್ಳಲು ನಮ್ಮನ್ನು ತಡೆದನೆಂದು ಕೆಲವರು, ಅವನಿಂದಲೇ ಊರು ಉಳಿಯಿತೆಂದು ಕೆಲವರು. ಈ ವಿಷಯವನ್ನು ಗ್ರಾಮಸಭೆಯ ಮುಂದೆ ಇಡಬೇಕೆಂದಿರುವುದರಿಂದ ಕೇಳುತ್ತಿದ್ದೇನೆ. ನಿಜವಾಗಿಯೂ ಇಂತಹ ಟ್ಯಾಂಕರ್ ಉರುಳಿ ದ್ರವ ಚೆಲ್ಲಿದರೆ, ಅಥವಾ ಬೆಂಕಿ ಹತ್ತಿದರೆ, ಅಗ್ನಿಶಾಮಕ ದಳ ಬರುವವರೆಗೆ ಊರಿನವರು ಏನು ಮಾಡಬೇಕು, ಏನು ಮಾಡಬಾರದು? ಅಡುಗೆ ಅನಿಲದ ಬಗ್ಗೆ ನಮಗೆ ತಿಳಿದಿರುವುದು ಇದಕ್ಕೂ ಹೊಂದುತ್ತದೆಯೇ? ಹೆದ್ದಾರಿಯಿಂದ ಸುಮಾರು 300 ಮೀಟರ್ ದೂರದಲ್ಲಿ ಎರಡು ಆಲೆಮನೆಗಳಿದ್ದು, ಹಂಗಾಮಿನಲ್ಲಿ ಅವುಗಳ ಒಲೆ ಹಗಲಿರುಳು ಉರಿಯುತ್ತಿರುತ್ತದೆ ಎಂಬುದನ್ನೂ ಗಮನಿಸಿ.

ಉತ್ತರ: ನಂಜನಗೂಡು ಕೈಗಾರಿಕಾ ಪ್ರದೇಶದ ಸುರಕ್ಷತಾ ಮೇಲ್ವಿಚಾರಕ

1972 ಎಂಬುದು ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಶೀತಲೀಕರಿಸಿದ ದ್ರವ ಮೀಥೇನ್‌ಗೆ, ಅಂದರೆ ದ್ರವರೂಪದ ನೈಸರ್ಗಿಕ ಅನಿಲಕ್ಕೆ (ಎಲ್‌ಎನ್‌ಜಿ) ಕೊಟ್ಟಿರುವ ಸಂಖ್ಯೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಅಪಾಯಕಾರಿ ಸರಕಿನ ವಾಹನಗಳ ಮೇಲೆ ಈ ಸಂಖ್ಯೆಯೂ ತುರ್ತು ದೂರವಾಣಿ ಸಂಖ್ಯೆಯೂ ಇರುವ ಫಲಕ ಕಡ್ಡಾಯ. 112ಕ್ಕೋ 101ಕ್ಕೋ ಕರೆ ಮಾಡುವಾಗ "ಗ್ಯಾಸ್ ಟ್ಯಾಂಕರ್" ಎಂದಷ್ಟೇ ಹೇಳದೆ, ದೂರದಿಂದಲೇ ಓದಲು ಸಾಧ್ಯವಾದರೆ ಆ ನಾಲ್ಕು ಅಂಕಿಗಳನ್ನು ಹೇಳಿದರೆ, ಬರುವವರು ಯಾವ ಸಿದ್ಧತೆಯೊಡನೆ ಬರಬೇಕೆಂಬುದೇ ಬದಲಾಗುತ್ತದೆ. ಅಡುಗೆ ಅನಿಲದ ಸಂಖ್ಯೆ 1075.

ಅಡುಗೆ ಅನಿಲಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ಅಡುಗೆ ಅನಿಲವನ್ನು ಒತ್ತಡದಿಂದ ದ್ರವವಾಗಿಸಿರುತ್ತಾರೆ. ಎಲ್‌ಎನ್‌ಜಿಯನ್ನು ಚಳಿಯಿಂದ, ಸೊನ್ನೆಗಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಸಿ ದ್ರವವಾಗಿಸಿರುತ್ತಾರೆ. ಒಂದು ಲೀಟರ್ ದ್ರವ ಚೆಲ್ಲಿ ಬೆಚ್ಚಗಾದರೆ ಸುಮಾರು 600 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಮೀಥೇನ್ ಪ್ರಮಾಣ ಶೇಕಡಾ 5ರಿಂದ 15ರವರೆಗೆ ಇದ್ದಾಗ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಮೀಥೇನ್ ಗಾಳಿಗಿಂತ ಹಗುರ, ಆದ್ದರಿಂದ ಮೇಲೆ ಹೋಗಿಬಿಡುತ್ತದೆ ಎಂದು ಓದಿಕೊಂಡವರೂ ಹೇಳುವುದನ್ನು ಕೇಳಿದ್ದೇನೆ. ಆ ಮಾತು ಬೆಚ್ಚಗಿನ ಮೀಥೇನ್‌ಗೆ ಮಾತ್ರ ಸರಿ. ಈಗಷ್ಟೇ ಆವಿಯಾದ ಮೀಥೇನ್ ಸುಮಾರು ಮೈನಸ್ 110 ಡಿಗ್ರಿಗೆ ಏರುವವರೆಗೂ ಗಾಳಿಗಿಂತ ಭಾರವಾಗಿಯೇ ಇದ್ದು, ನೆಲಕ್ಕೆ ಅಂಟಿಕೊಂಡು ಚರಂಡಿ, ಹಳ್ಳ, ಮೋರಿ, ಅಂಡರ್‌ಪಾಸ್‌ಗಳತ್ತ ಹರಿಯುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1944ರ ಅಕ್ಟೋಬರ್ 20ರಂದು ಎಲ್‌ಎನ್‌ಜಿ ತೊಟ್ಟಿಯೊಂದು ಒಡೆದಾಗ ಅನಿಲ ಬೀದಿಯ ಒಳಚರಂಡಿಗಳಿಗೆ ಇಳಿದು, ಅಲ್ಲಿ ಹೊತ್ತಿಕೊಂಡು, ಸುಮಾರು 130 ಜನ ಸತ್ತರು. ನಮ್ಮ ಸರ್ವಿಸ್ ರಸ್ತೆಗಳ ಪಕ್ಕದ ಚರಂಡಿಗಳನ್ನು ಕಂಡಾಗಲೆಲ್ಲ ನನಗೆ ಈ ಘಟನೆ ನೆನಪಾಗುತ್ತದೆ.

ಇನ್ನೊಂದು ವ್ಯತ್ಯಾಸ ವಾಸನೆಯದು. ಅಡುಗೆ ಅನಿಲಕ್ಕೂ ಮನೆಮನೆಗೆ ಕೊಳವೆಯಲ್ಲಿ ಬರುವ ಅನಿಲಕ್ಕೂ ಕೆಟ್ಟ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಟ್ಯಾಂಕರ್‌ನಲ್ಲಿರುವ ಎಲ್‌ಎನ್‌ಜಿಗೆ ಅದನ್ನು ಬೆರೆಸಿರುವುದಿಲ್ಲ. ಮೂಗಿಗೆ ಏನೂ ತಿಳಿಯಲಿಲ್ಲವೆಂದು ಯಾರೂ ಹತ್ತಿರ ಹೋಗಬಾರದು.

ಈಗ ನೀರಿನ ವಿಚಾರ. ನೆಲದ ಮೇಲೆ ನಿಂತ ಎಲ್‌ಎನ್‌ಜಿಗೆ ಹೋಲಿಸಿದರೆ ನಮ್ಮ ಕೊಳವೆ ಬಾವಿಯ ತಣ್ಣೀರು ಕೂಡ ಕುದಿಯುವ ನೀರಿನಂತೆಯೇ. ಬಿಂದಿಗೆ ನೀರು ಸುರಿದರೆ ದ್ರವ ಒಮ್ಮೆಗೇ ಹೆಚ್ಚು ಹೆಚ್ಚು ಆವಿಯಾಗಿ ಅನಿಲದ ಮೋಡ ದೊಡ್ಡದಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬಹಳಷ್ಟು ದ್ರವ ನಾಲೆಗೋ ಕೆರೆಗೋ ಬಿದ್ದರೆ ಬೆಂಕಿಯಿಲ್ಲದೆಯೇ ಸ್ಫೋಟದಂತೆ ಸಿಡಿಯುವುದೂ ಉಂಟು. ನಿಮ್ಮ ಊರಿನವರು ಅಂದು ಸುರಿಯಬೇಕೆಂದಿದ್ದ ಜಾಗವಂತೂ ಇನ್ನೂ ಅಪಾಯದ್ದು. ಆವಿ ಬರುತ್ತಿದ್ದ ಕೊಳವೆ ಒತ್ತಡ ಇಳಿಸುವ ಸುರಕ್ಷತಾ ಕವಾಟದ್ದಾಗಿರಬೇಕು. ಅದರ ಬಾಯಿಗೆ ನೀರು ಬಿದ್ದರೆ ಮಂಜುಗಡ್ಡೆ ಕಟ್ಟಿ ಕವಾಟ ಮುಚ್ಚಿಹೋಗುತ್ತದೆ, ಒಳಗಿನ ಒತ್ತಡಕ್ಕೆ ದಾರಿಯೇ ಇಲ್ಲದಂತಾಗುತ್ತದೆ. ಚಾಲಕ ತಡೆದದ್ದು ನೂರಕ್ಕೆ ನೂರು ಸರಿ, ದಯವಿಟ್ಟು ಈ ಮಾತನ್ನು ಗ್ರಾಮಸಭೆಯಲ್ಲಿ ಹೇಳಿ.

ದೂರದ ಲೆಕ್ಕಕ್ಕೆ ಉತ್ತರ ಅಮೆರಿಕದ ತುರ್ತು ಸ್ಪಂದನೆ ಕೈಪಿಡಿಯ 115ನೇ ಮಾರ್ಗಸೂಚಿ ಕೊಡುವ ಅಂಕಿಗಳನ್ನು ನೆನಪಿಡುವುದು ಸುಲಭ. ಸೋರಿಕೆ ಕಂಡ ಕೂಡಲೇ ಎಲ್ಲ ದಿಕ್ಕಿಗೂ ಕನಿಷ್ಠ 100 ಮೀಟರ್ ಖಾಲಿ ಮಾಡಿಸಬೇಕು, ದೊಡ್ಡ ಸೋರಿಕೆಯಾದರೆ ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ 800 ಮೀಟರ್‌ವರೆಗಿನ ಜನರನ್ನು ತೆರವುಗೊಳಿಸುವುದನ್ನು ಯೋಚಿಸಬೇಕು, ಟ್ಯಾಂಕರ್ ಬೆಂಕಿಯಲ್ಲಿ ಸಿಕ್ಕಿದ್ದರೆ ಎಲ್ಲ ದಿಕ್ಕಿಗೂ 1,600 ಮೀಟರ್. ಹಾಗಾದರೆ ನಿಮ್ಮ ಆಲೆಮನೆಗಳು ಸೋರಿಕೆಯ ವಲಯದ ಒಳಗೇ ಬರುತ್ತವೆ.

ಉತ್ತರ: ಮೈಸೂರಿನಿಂದ, ಕ್ರಯೋಜೆನಿಕ್ ತೊಟ್ಟಿಗಳ ನಿರ್ವಹಣೆ ಮಾಡುವವನು

ಮೇಲಿನ ಉತ್ತರಕ್ಕೆ ಚಾಲಕರ ಪರವಾಗಿ ಒಂದು ಮಾತು ಸೇರಿಸುತ್ತೇನೆ. ಈ ಟ್ಯಾಂಕರ್‌ಗಳು ಸಾಮಾನ್ಯವಾಗಿ ಥರ್ಮಾಸ್ ಫ್ಲಾಸ್ಕಿನಂತೆ ಎರಡು ಪದರದವು, ನಡುವೆ ನಿರ್ವಾತ ಮತ್ತು ಶಾಖನಿರೋಧಕ ಇರುತ್ತದೆ. ಎಷ್ಟೇ ಚೆನ್ನಾಗಿ ಕಟ್ಟಿದರೂ ಸ್ವಲ್ಪ ಶಾಖ ಒಳಗಿಳಿದು ದ್ರವ ನಿಧಾನವಾಗಿ ಆವಿಯಾಗುತ್ತ, ಒತ್ತಡ ಏರುತ್ತದೆ. ಹೆಚ್ಚು ಹೊತ್ತು ನಿಂತ ವಾಹನದ ಕವಾಟ ತೆರೆದು, ಸ್ವಲ್ಪ ಅನಿಲ ಬಿಟ್ಟು, ತಾನೇ ಮುಚ್ಚಿಕೊಳ್ಳುವುದು ಅದರ ಕೆಲಸ. ನೀವು ನೋಡಿದ್ದು ಬಹುಶಃ ಅದೇ. ಆದರೂ ಆ ಹೊತ್ತಿನಲ್ಲಿ ಹತ್ತಿರ ಬೀಡಿ ಹಚ್ಚುವುದು, ಬೈಕ್ ಸ್ಟಾರ್ಟ್ ಮಾಡುವುದು ಸಲ್ಲದು.

ಚಿಂತೆ ಮಾಡಬೇಕಾದ ಲಕ್ಷಣಗಳು ಬೇರೆ. ಕವಾಟದ ಸದ್ದು ನಿಲ್ಲುವ ಬದಲು ಜೋರಾಗುತ್ತ ಹೋಗುವುದು, ಟ್ಯಾಂಕರ್‌ನ ಹೊರಮೈಯ ಒಂದು ಭಾಗದಲ್ಲಿ ಮಂಜು ಕಟ್ಟುವುದು (ಅಲ್ಲಿ ನಿರ್ವಾತ ಹೋಗಿರಬಹುದು ಅಥವಾ ಒಳಗೆ ಸೋರುತ್ತಿರಬಹುದು), ಬೆಂಕಿಯಲ್ಲಿರುವಾಗ ಲೋಹದ ಬಣ್ಣ ಬದಲಾಗುವುದು. ಇವುಗಳಲ್ಲಿ ಯಾವುದನ್ನು ಕಂಡರೂ ಅಲ್ಲಿ ನಿಂತು ನೋಡಬಾರದು. ಸ್ಪೇನಿನ ತಿವಿಸ್ಸಾ ಬಳಿ 2002ರ ಜೂನ್ 22ರಂದು ಉರುಳಿ ಬೆಂಕಿ ಹತ್ತಿದ ಎಲ್‌ಎನ್‌ಜಿ ಟ್ಯಾಂಕರ್ ಸುಮಾರು 20 ನಿಮಿಷಗಳಲ್ಲಿ ಸ್ಫೋಟಿಸಿತು. ಚಾಲಕ ಸತ್ತನು, ಸುಮಾರು 200 ಮೀಟರ್ ದೂರದಲ್ಲಿದ್ದ ಇಬ್ಬರಿಗೆ ಸುಟ್ಟ ಗಾಯಗಳಾದವು. ಆ ಟ್ಯಾಂಕರ್ ಎರಡು ಪದರದ್ದಲ್ಲ ಎಂಬುದು ನಿಜ. ಆದರೆ ರಸ್ತೆಯಲ್ಲಿ ನಿಂತವರಿಗೆ ಪದರಗಳನ್ನು ಎಣಿಸಲು ಆಗುವುದಿಲ್ಲ.

ಚೆಲ್ಲಿದ ದ್ರವ ತಗುಲಿದ ಸಾಮಾನ್ಯ ಕಬ್ಬಿಣ ಗಾಜಿನಂತೆ ಪೆಡಸಾಗಿ ಬಿರಿಯುತ್ತದೆ. ಹಗ್ಗ ಕಟ್ಟಿ ಟ್ರ್ಯಾಕ್ಟರ್‌ನಿಂದ ಟ್ಯಾಂಕರನ್ನು ಎಳೆದು ನೇರ ಮಾಡುವ ಉತ್ಸಾಹವನ್ನು ನಮ್ಮ ಕಡೆ ಬಹಳ ನೋಡಿದ್ದೇನೆ, ಅದನ್ನು ಖಂಡಿತ ಮಾಡಬೇಡಿ.

ಉತ್ತರ: ಮಂಡ್ಯದ ಓದುಗರೊಬ್ಬರು

ನೀರು ಬೇಡವೇ ಬೇಡ ಎಂಬ ಮಾತನ್ನು ಒಪ್ಪಲು ನನಗೆ ಕಷ್ಟವಾಗುತ್ತಿದೆ. ಅನಿಲದ ಟ್ಯಾಂಕರ್ ಉರುಳಿದ ಕಡೆಗಳಲ್ಲೆಲ್ಲ ಅಗ್ನಿಶಾಮಕ ದಳದವರು ಗಂಟೆಗಟ್ಟಲೆ ನೀರು ಹಾಯಿಸುವುದನ್ನು ನಾವೆಲ್ಲ ನೋಡಿದ್ದೇವೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಮನೆಗಳು ಸುಟ್ಟು ಜನ ಸತ್ತದ್ದನ್ನು ಮರೆತಿಲ್ಲ. ಅಂತಹ ಹೊತ್ತಿನಲ್ಲಿ ಕೈಕಟ್ಟಿ ಕುಳಿತುಕೊಳ್ಳಿ ಎಂದರೆ ಊರಿನವರು ಕೇಳುವರೇ?

ಉತ್ತರ: ನಂಜನಗೂಡಿನ ಮೇಲ್ವಿಚಾರಕ, ಮತ್ತೊಮ್ಮೆ

ನಿಮ್ಮ ಪ್ರಶ್ನೆ ನ್ಯಾಯವಾದದ್ದು, ನಾನು ಬಿಡಿಸಿ ಹೇಳಬೇಕಿತ್ತು. ಪೆರ್ನೆಯದು ಅಡುಗೆ ಅನಿಲ, ಇಲ್ಲಿ ಮಾತನಾಡುತ್ತಿರುವುದು ಶೀತಲ ದ್ರವದ ಬಗ್ಗೆ. ಅಲ್ಲದೆ ನೀರಿನ ಉಪಯೋಗಗಳು ಮೂರು, ಮೂರೂ ಬೇರೆ ಬೇರೆ. ಬೆಂಕಿಯ ಝಳ ತಗುಲುತ್ತಿರುವ ಟ್ಯಾಂಕರ್‌ನ ಹೊರಮೈಯನ್ನು ತಂಪಾಗಿಡಲು ದಳದವರು ಬಹಳ ನೀರನ್ನು, ದೂರದಿಂದ, ಸಾಧ್ಯವಾದರೆ ಮನುಷ್ಯರು ಹಿಡಿದು ನಿಲ್ಲಬೇಕಿಲ್ಲದ ಯಂತ್ರದ ಮೂಲಕ ಹಾಯಿಸುತ್ತಾರೆ, ಅದೂ ಕವಾಟಗಳನ್ನು ತಪ್ಪಿಸಿ. ಅನಿಲದ ಮೋಡ ಜನವಸತಿಯತ್ತ ಸಾಗುತ್ತಿದ್ದರೆ ಅದಕ್ಕೆ ಅಡ್ಡವಾಗಿ ತುಂತುರಿನ ಪರದೆ ಕಟ್ಟುತ್ತಾರೆ. ಆ ಹನಿಗಳು ಗಾಳಿಯನ್ನು ಎಳೆದುಕೊಂಡು ಅನಿಲವನ್ನು ತೆಳುವಾಗಿಸುತ್ತವೆ, ಬೆಚ್ಚಗೂ ಮಾಡುತ್ತವೆ. ಹಾಗೆ ಹಾಯಿಸಿದ ನೀರು ಹರಿದು ಚೆಲ್ಲಿದ ದ್ರವವನ್ನು ಮುಟ್ಟದಂತೆ ನೋಡಿಕೊಳ್ಳುವುದೇ ಆ ಕೆಲಸದ ಜಾಣತನ. ಮೂರನೆಯದು, ದ್ರವದ ಮೇಲೆಯೇ ಸುರಿಯುವುದು. ನಾನು ಬೇಡವೆಂದದ್ದು ಅದನ್ನು. ಬಿಂದಿಗೆಯಿಂದ ಮೊದಲೆರಡನ್ನು ಮಾಡಲು ಬರುವುದಿಲ್ಲ, ಮೂರನೆಯದಷ್ಟೇ ಆಗುತ್ತದೆ.

ಚೆಲ್ಲಿದ ದ್ರವದಿಂದ ಆವಿ ಏಳುವುದನ್ನು ಮತ್ತು ಬೆಂಕಿಯ ಝಳವನ್ನು ತಗ್ಗಿಸಲು ನೊರೆಗುಳ್ಳೆ ದೊಡ್ಡದಾಗಿ ಉಬ್ಬುವ ವಿಶೇಷ ಫೋಮ್ ಇದೆ, ಬೆಂಕಿ ನಂದಿಸಲು ಒಣ ಪುಡಿ ಇದೆ. ಆದರೆ ಸೋರಿಕೆಯನ್ನು ನಿಲ್ಲಿಸಲು ಆಗದಿದ್ದರೆ ಬೆಂಕಿಯನ್ನು ನಂದಿಸಲೇಬಾರದು. ಇದನ್ನು ಕೇಳಿದವರೆಲ್ಲ ಮೊದಲು ಬೆಚ್ಚುತ್ತಾರೆ. ಉರಿಯುತ್ತಿರುವ ಅನಿಲ ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಜ್ವಾಲೆ ಆರಿ ಸೋರಿಕೆ ಮುಂದುವರಿದರೆ ಅದೇ ಅನಿಲ ಕಾಣದಂತೆ ಹರಡಿ, ಎಲ್ಲಿಯೋ ಕಿಡಿ ಸಿಕ್ಕಿ, ಮತ್ತೆ ಟ್ಯಾಂಕರ್‌ವರೆಗೂ ಹಿಂದಕ್ಕೆ ಹೊತ್ತಿಕೊಂಡು ಬರುತ್ತದೆ.

ಕೈಕಟ್ಟಿ ಕುಳಿತುಕೊಳ್ಳಿ ಎಂದೇನೂ ನಾನು ಹೇಳುತ್ತಿಲ್ಲ. ಸರ್ವಿಸ್ ರಸ್ತೆಯ ಎರಡೂ ತುದಿಯಲ್ಲಿ ದೂರದಲ್ಲೇ ವಾಹನಗಳನ್ನು ತಡೆಯುವುದು, ಫೋನಿನಲ್ಲಿ ಚಿತ್ರ ತೆಗೆಯಲು ಮುನ್ನುಗ್ಗುವವರನ್ನು ಹಿಂದಕ್ಕೆ ಕಳುಹಿಸುವುದು, ನಡೆಯಲಾಗದ ಹಿರಿಯರನ್ನು ಮನೆಗಳಿಂದ ಕರೆದೊಯ್ಯುವುದು, ಈ ಮೂರರಲ್ಲಿ ಇಡೀ ಊರಿಗೆ ಸಾಕಾಗುವಷ್ಟು ಕೆಲಸವಿದೆ.

ಉತ್ತರ: ಮೈಸೂರಿನ ಶುಶ್ರೂಷಕಿ

ದ್ರವವೋ ಅದರ ತಣ್ಣನೆಯ ಆವಿಯೋ ಮೈಗೆ ತಗುಲಿದ ಜಾಗವನ್ನು ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ, ಅರಿಶಿನ ಎಣ್ಣೆ ಹಚ್ಚಬೇಡಿ. ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಹಾಯಿಸಿ. ಚರ್ಮಕ್ಕೆ ಅಂಟಿಕೊಂಡು ಹೆಪ್ಪುಗಟ್ಟಿದ ಬಟ್ಟೆಯನ್ನು ಕಿತ್ತರೆ ಚರ್ಮವೂ ಬರುತ್ತದೆ, ಮೊದಲು ಅದು ಸಡಿಲವಾಗಲಿ. ಆವಿಯ ನಡುವೆ ಯಾರಾದರೂ ಬಿದ್ದಿದ್ದರೆ ಅಲ್ಲಿ ಉಸಿರಾಡಲು ಆಮ್ಲಜನಕವಿಲ್ಲದಿರಬಹುದು. ಉಸಿರಾಟದ ಉಪಕರಣವಿಲ್ಲದೆ ಒಳಗೆ ನುಗ್ಗಿದರೆ ಬಿದ್ದವರ ಸಂಖ್ಯೆ ಎರಡಾಗುತ್ತದೆ ಅಷ್ಟೆ. 108ಕ್ಕೆ ಕರೆ ಮಾಡುವಾಗ ಗಾಳಿ ಬೀಸಿ ಬರುವ ಕಡೆಯಿಂದಲೇ ಬರಬೇಕೆಂದು ತಿಳಿಸಿ.

ಪ್ರಶ್ನೆ ಕೇಳಿದ ಶಿಕ್ಷಕ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಆ ಚಾಲಕನ ಬಗ್ಗೆ ನಾನೂ ಒಂದು ಗಳಿಗೆ ತಪ್ಪು ತಿಳಿದಿದ್ದೆ, ಅದಕ್ಕಾಗಿ ಮನಸ್ಸು ನೋಯುತ್ತಿದೆ. ಎರಡು ವಿಷಯ ಇನ್ನೂ ಉಳಿದಿವೆ. ಮಾಗಿಯಲ್ಲಿ ಗದ್ದೆ ಬಯಲಿನ ಮಂಜಿಗೂ ಅನಿಲದ ಬಿಳಿ ಮೋಡಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಆಲೆಮನೆಯ ಒಲೆಯನ್ನು ಏನು ಮಾಡಬೇಕು?

ಉತ್ತರ: ನಂಜನಗೂಡಿನ ಮೇಲ್ವಿಚಾರಕ

ಬಿಳಿಯಾಗಿ ಕಾಣುವುದು ಅನಿಲವಲ್ಲ, ಅದರ ಚಳಿಗೆ ಗಾಳಿಯ ತೇವ ಹನಿಗಟ್ಟಿ ಆದ ಮಂಜು. ಆದ್ದರಿಂದ ಎರಡನ್ನೂ ಕಣ್ಣಿನಿಂದ ಬೇರ್ಪಡಿಸುವ ದಾರಿಯಿಲ್ಲ. ಮಂಜಿನ ದಿನ ಸದ್ದನ್ನೂ ನೆಲದ ಚಳಿಯನ್ನೂ ನಂಬಿ, ದೂರವನ್ನು ಇನ್ನೂ ಹೆಚ್ಚಿಸಿಕೊಳ್ಳಿ. ಬೇಸಿಗೆಯ ಒಣಗಾಳಿಯಲ್ಲಿ ಇದರ ತಿರುವುಮುರುವು. ಬಿಳಿ ಮೋಡ ಚಿಕ್ಕದಾಗಿ ಕಂಡರೂ ಹೊತ್ತಿಕೊಳ್ಳುವ ಅನಿಲ ಅದರ ಅಂಚಿನಿಂದಾಚೆಗೂ ಇರಬಹುದು.

ಆಲೆಮನೆಯ ಒಲೆಯನ್ನು ಆ ಗಳಿಗೆಯಲ್ಲಿ ಆರಿಸಲು ಆಗುವುದಿಲ್ಲ. ನೀರು ಹೊಯ್ದರೂ ಬೂದಿಯೊಳಗಿನ ಕೆಂಡ ಕಿಡಿಯಾಗಿಯೇ ಉಳಿಯುತ್ತದೆ. ಬಾಣಲೆಯಲ್ಲಿ ಪಾಕ ಕುದಿಯುತ್ತಿದ್ದರೂ ಬಿಟ್ಟು, ಗಾಳಿಗೆ ಅಡ್ಡಲಾಗಿ ನಡೆದು ಹೊರಬರುವಂತೆ ಕೆಲಸಗಾರರಿಗೆ ಈಗಲೇ ಹೇಳಿಡಿ. ಹೆದ್ದಾರಿಯಲ್ಲಿ ಏನಾದರೂ ಕಂಡರೆ 112ರ ನಂತರ ಮಾಡಬೇಕಾದ ಎರಡನೆಯ ಕರೆ ಆ ಎರಡು ಆಲೆಮನೆಗಳಿಗೇ ಹೋಗಬೇಕು. ಅವರ ಸಂಖ್ಯೆಗಳನ್ನು ಶಾಲೆಯ ಗೋಡೆಯ ಮೇಲೂ ಪಂಚಾಯಿತಿ ಕಚೇರಿಯಲ್ಲೂ ಬರೆಸಿ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ನಿಮಗೆ ಬೇರೆ ಸಾಧನ ಬೇಕಿಲ್ಲ. ಆಲೆಮನೆಯ ಹೊಗೆ ಎತ್ತ ವಾಲಿದೆ ಎಂದು ನೋಡಿ. ಅದು ಹೆದ್ದಾರಿಯತ್ತ ವಾಲಿದ್ದರೆ ಒಲೆಯ ಬಳಿ ಇರುವವರಿಗೆ ಹೊರಬರಲು ಸ್ವಲ್ಪ ಸಮಯ ಸಿಗುತ್ತದೆ, ಹೆದ್ದಾರಿಯಿಂದ ಆಚೆಗೆ ವಾಲಿದ್ದರೆ ಅಷ್ಟೂ ಸಮಯವಿಲ್ಲ.