ಸಹಾಯ ಬೇಕು: ಗಡಿಯಲ್ಲಿ ಮಾವಿನ ಲಾರಿ ತಡೆದರೆ ರಿಟ್ (ಸರ್ಕಾರಿ ಆದೇಶದ ವಿರುದ್ಧ ಹೈಕೋರ್ಟಿಗೆ ಹಾಕುವ ಅರ್ಜಿ) ಎಲ್ಲಿ ಹಾಕೋದು?

ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಬೆಳೆಗಾರರಿಗಾಗಿ ಮಾದರಿ ಅರ್ಜಿ ಸಿದ್ಧವಾಗುತ್ತಿದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ತಡೆದಂಥ ಆದೇಶ ಮತ್ತೆ ಬಂದರೆ ಕೈಯಲ್ಲಿರಲಿ ಅಂತ.

ವಾದದ ತಿರುಳು ಸಿಕ್ಕಿದೆ. ಸಂವಿಧಾನದ 301ನೇ ವಿಧಿಯಂತೆ ದೇಶದೊಳಗೆ ವ್ಯಾಪಾರ ಮುಕ್ತ. ರಾಜ್ಯ ನಿರ್ಬಂಧ ಹಾಕಬೇಕಾದರೆ 304(ಬಿ) ಪ್ರಕಾರ ಶಾಸನಸಭೆಯ ಕಾನೂನೇ ಬೇಕು, ಮಸೂದೆಗೆ ರಾಷ್ಟ್ರಪತಿಗಳ ಪೂರ್ವಾನುಮತಿಯೂ ಬೇಕು. ಬರೀ ಕಲೆಕ್ಟರ್ ಆದೇಶ ಸಾಲದು. (ತೆರಿಗೆ ವಿಷಯ ಬೆರೆಸಬೇಡಿ, ಸುಪ್ರೀಂ ಕೋರ್ಟಿನ 2016ರ ಜಿಂದಾಲ್ ತೀರ್ಪಿನ ನಂತರ ಅದು ಬೇರೆಯದೇ ಕಥೆ.)

ತೊಡಕು ಇಲ್ಲಿದೆ: 301 ಮೂಲಭೂತ ಹಕ್ಕಲ್ಲ. ವ್ಯಾಪಾರದ ಮೂಲಭೂತ ಹಕ್ಕು ಕೊಡುವ 19(1)(ಜಿ) ನಾಗರಿಕರಿಗೆ ಮಾತ್ರ, ಹಾಗಾಗಿ ಬೆಳೆಗಾರರ ಸಂಘದ ಜೊತೆ ರೈತರ ಹೆಸರೂ ಬೇಕು. ಆದರೆ ಅರ್ಜಿ ಆಂಧ್ರ ಹೈಕೋರ್ಟಿಗೋ, 226(2) (ವ್ಯಾಜ್ಯದ ಕಾರಣ ಭಾಗಶಃ ಹುಟ್ಟಿದ ಜಾಗದ ಹೈಕೋರ್ಟಿಗೂ ಹೋಗಬಹುದು ಅನ್ನೋ ವಿಧಿ) ಹಿಡಿದು ಬೆಂಗಳೂರಿನ ಹೈಕೋರ್ಟಿಗೋ? ಇಲ್ಲಿನ ತೋಟದ ನಷ್ಟವೊಂದೇ ಸಾಕೇ? ಇಂಥ ಕೇಸು ನಡೆಸಿದ ವಕೀಲರು ತಿಳಿಸಿ.

ವಾಪಸ್ ಬಂದ ಲೋಡಿನ ತೂಕದ ಚೀಟಿ ಇದ್ದವರು ಎತ್ತಿಡಿ. ದಿನಾಂಕ, ಗಾಡಿ ನಂಬರ್ ಓದುವಂತಿರಬೇಕು.