ಅಪ್‌ಡೇಟ್: ಆಸ್ಪತ್ರೆಯ ತಪ್ಪಿಗೆ ಮೆಡಿಕೇರ್ ದುಡ್ಡು ಕೊಡುತ್ತದೆಯೇ?

ಅಮೆರಿಕದಲ್ಲಿ ದಾಖಲಾದ ಮೇಲೆ ಆಸ್ಪತ್ರೆಯಲ್ಲೇ ಅಂಟಿಕೊಂಡ ತೊಂದರೆಯ ಖರ್ಚು ಯಾರ ತಲೆಗೆ, ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗಿರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಕೊಡುತ್ತದೆಯೇ ಎಂದು ಕೇಳಿದ್ದೆ. ಉತ್ತರಗಳನ್ನು ನಿಯಮಗಳ ಜೊತೆ ಇಟ್ಟು ನೋಡಿದಾಗ ತಿಳಿದದ್ದು ಇದು.

ದೇಹದೊಳಗೆ ಮರೆತ ಉಪಕರಣ, ಹೊಂದದ ಗುಂಪಿನ ರಕ್ತ, 3-4ನೇ ಹಂತದ ಹಾಸಿಗೆ ಹುಣ್ಣು, ಕ್ಯಾತಿಟರ್‌ನಿಂದ (ಮೂತ್ರ ಹೊರತೆಗೆಯಲು ಹಾಕುವ ಕೊಳವೆ) ಬಂದ ಮೂತ್ರದ ಸೋಂಕು ಇತ್ಯಾದಿಗೆ 2008ರ ಅಕ್ಟೋಬರ್ 1ರಿಂದ ಹೆಚ್ಚುವರಿ ಹಣವಿಲ್ಲ. ಹಾಗಂತ ಇಡೀ ಬಿಲ್ ಬಿದ್ದುಹೋಗುವುದಿಲ್ಲ. ಪಾವತಿ ನಡೆಯುವುದು ಡಿಆರ್‌ಜಿ ಎಂಬ ಗುಂಪು ದರದಲ್ಲಿ, ಅಂದರೆ ಒಂದೇ ಬಗೆಯ ಕಾಯಿಲೆ-ಚಿಕಿತ್ಸೆಗಳ ಗುಂಪಿಗೆ ಮೊದಲೇ ಗೊತ್ತುಮಾಡಿದ ದರದಲ್ಲಿ; ಆ ತೊಂದರೆಯಿಂದ ದರ ಏರುವುದನ್ನಷ್ಟೇ ತಡೆಯುತ್ತಾರೆ. ಬೇರೆ ಗಂಭೀರ ಕಾಯಿಲೆಯಿಂದ ದರ ಮೊದಲೇ ಏರಿದ್ದರೆ ಕಡಿತ ಸೊನ್ನೆ!

ಎಲ್ಲ ನಿಂತಿರುವುದು ಬಿಲ್‌ನಲ್ಲಿ ರೋಗನಿರ್ಣಯದ ಪಕ್ಕ ಬರೆಯುವ ಒಂದಕ್ಷರದ ಮೇಲೆ. 'ವೈ' ಅಂದರೆ ಬರುವಾಗಲೇ ಇತ್ತು, 'ಎನ್' ಅಂದರೆ ಇರಲಿಲ್ಲ. ದಾಖಲೆ ಸಾಲದಿದ್ದರೆ 'ಯು', ಅದಕ್ಕೂ 'ಎನ್' ಗತಿಯೇ. ವೈದ್ಯಕೀಯವಾಗಿ ನಿರ್ಧರಿಸಲಾಗದಿದ್ದರೆ 'ಡಬ್ಲ್ಯು', ಅದಕ್ಕೆ ಹಣ ಸಿಗುತ್ತದೆ. ಸೇರಿಸಿಕೊಳ್ಳುವಾಗಲೇ ಬೆನ್ನು, ಹಿಮ್ಮಡಿ ನೋಡಿ ಬರೆದಿಡದಿದ್ದರೆ ಮನೆಯಿಂದ ತಂದ ಹುಣ್ಣಿನ ನಷ್ಟವೂ ಆಸ್ಪತ್ರೆಗೇ.

ತಪ್ಪು ರೋಗಿ, ತಪ್ಪು ಅಂಗ, ತಪ್ಪು ಶಸ್ತ್ರಚಿಕಿತ್ಸೆಗೆ ಮಾತ್ರ 2009ರಿಂದ ಬಿಡಿಗಾಸೂ ಇಲ್ಲ. ನನಗೆ ಹೆಚ್ಚು ಬಿಗಿ ಅನ್ನಿಸಿದ್ದು 2014ರ ಅಕ್ಟೋಬರ್‌ನಲ್ಲಿ ಬಂದ ದಂಡ: ಇಂಥ ತೊಂದರೆಗಳನ್ನು ಅಳೆಯುವ ಅಂಕದಲ್ಲಿ ಕೊನೆಯ ಕಾಲು ಭಾಗದ ಆಸ್ಪತ್ರೆಗಳಿಗೆ ಒಳರೋಗಿ ಪಾವತಿಯಲ್ಲೇ 1% ಖೋತಾ.