ಒಂದೇ ಕಾರ್ಡ್, ಒಂದೇ ಗ್ರೇಡ್, ಎರಡು ಹರಾಜು ಬೆಲೆ: ಯಾವುದನ್ನು ನಂಬುವುದು?

ನಿಧಾನಿ (ಪ್ರಶ್ನೆ):

ಟಾಪ್ಸ್ ಕಂಪನಿಯ 1955ರ ಬೇಸ್‌ಬಾಲ್ ಕಾರ್ಡ್ ಸರಣಿಯ 164ನೇ ಕಾರ್ಡನ್ನು, ಅಂದರೆ ಆಟಗಾರ ರಾಬರ್ಟೊ ಕ್ಲೆಮೆಂಟೆಯ ರೂಕಿ (ಮೊದಲ ವರ್ಷದ) ಕಾರ್ಡನ್ನು, ಪಿಎಸ್ಎ 4 ಗ್ರೇಡಿನಲ್ಲಿ (ಕಾರ್ಡಿನ ಸ್ಥಿತಿಗೆ 10ರವರೆಗೆ ಅಂಕ ಕೊಡುವ ಪಿಎಸ್ಎ ಸಂಸ್ಥೆಯ 4ನೇ ದರ್ಜೆಯಲ್ಲಿ) ಕೊಳ್ಳಬೇಕೆಂದು ಕೆಲಕಾಲದಿಂದ ಹರಾಜುಗಳನ್ನು ಗಮನಿಸುತ್ತಾ ಬಂದಿದ್ದೇನೆ. ಗ್ರೇಡ್ ಕೊಟ್ಟ ಸಂಸ್ಥೆ ಒಂದೇ, ಲೇಬಲಿನ ಮೇಲಿರುವ ಅಂಕಿಯೂ ಒಂದೇ. ಹಾಗಿದ್ದೂ ಕೆಲವೇ ವಾರಗಳ ಅಂತರದಲ್ಲಿ ಮುಗಿದ ಎರಡು ಹರಾಜುಗಳ ಬೆಲೆಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಕಾಣುತ್ತಿದೆ. ಹೆಚ್ಚು ಬೆಲೆ ಬಂದದ್ದು ಕ್ಯಾಟಲಾಗ್ ಹರಾಜು ಸಂಸ್ಥೆಯೊಂದರಲ್ಲಿ, ಕಡಿಮೆ ಬಂದದ್ದು ಇಬೇ ಜಾಲತಾಣದಲ್ಲಿ.

ಇಂಥ ಸಂದರ್ಭದಲ್ಲಿ ಯಾವ ಬೆಲೆಯನ್ನು ಮಾರುಕಟ್ಟೆಯ ಬೆಲೆ ಎಂದು ಹಿಡಿಯಬೇಕು? ಎರಡರ ಸರಾಸರಿ ತೆಗೆದುಕೊಂಡರೆ ಸಾಕೇ? ಹರಾಜಿಗೆ ಇಳಿದ ಮೇಲೆ ಮೊದಲೇ ಬಿಡ್ ಹಾಕಿಡುವುದು ಲೇಸೋ, ಕೊನೆಯ ಗಳಿಗೆಯವರೆಗೆ ಕಾಯುವುದು ಲೇಸೋ ಎಂಬುದೂ ನನಗೆ ತೀರ್ಮಾನವಾಗಿಲ್ಲ. ಎದುರಿಗೆ ಬಿಡ್ ಏರಿಸುತ್ತಿರುವವರು ನಿಜವಾಗಿಯೂ ಕಾರ್ಡ್ ಬೇಕಾದವರೇ ಎಂದು ತಿಳಿಯುವ ದಾರಿ ಏನಾದರೂ ಇದ್ದರೆ ಅದನ್ನೂ ತಿಳಿಸಿ.

ಲಾಟ್‌ನೋಟ:

ಬೆಲೆಗಳನ್ನು ಹೋಲಿಸುವ ಮೊದಲು ಆ ಎರಡು ಅಂಕಿಗಳು ಒಂದೇ ಜಾತಿಯವೇ ಎಂದು ನೋಡಬೇಕು. ಕ್ಯಾಟಲಾಗ್ ಹರಾಜು ಸಂಸ್ಥೆಗಳಲ್ಲಿ ಬಿಡ್ ನಿಂತ ಮೊತ್ತಕ್ಕೆ ಹ್ಯಾಮರ್ ಬೆಲೆ ಎನ್ನುತ್ತಾರೆ. ಅದರ ಮೇಲೆ ಗೆದ್ದವರು ಬಯರ್ಸ್ ಪ್ರೀಮಿಯಂ ಎಂಬ ಹೆಚ್ಚುವರಿ ಶುಲ್ಕ ಕೊಡಬೇಕು, ಅದು ಸಾಮಾನ್ಯವಾಗಿ ಶೇ 20ರ ಆಸುಪಾಸಿನಲ್ಲಿರುತ್ತದೆ. ಮಾರಾಟವಾದ ಬೆಲೆ ಎಂದು ಆ ಸಂಸ್ಥೆಗಳು ಪ್ರಕಟಿಸುವುದು ಬಹುಮಟ್ಟಿಗೆ ಈ ಪ್ರೀಮಿಯಂ ಸೇರಿದ ಮೊತ್ತವನ್ನೇ. 2022ರ ಆಗಸ್ಟಿನಲ್ಲಿ ಹೆರಿಟೇಜ್ ಸಂಸ್ಥೆಯ ಹರಾಜಿನಲ್ಲಿ 1952ರ ಟಾಪ್ಸ್ ಮಿಕಿ ಮ್ಯಾಂಟಲ್ ಕಾರ್ಡ್, ಎಸ್‌ಜಿಸಿ 9.5 ಗ್ರೇಡಿನದು (ಇದೂ ಪಿಎಸ್ಎಯಂಥ ಗ್ರೇಡಿಂಗ್ ಸಂಸ್ಥೆ), 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತೆಂದು ಎಲ್ಲ ಕಡೆ ಸುದ್ದಿಯಾಯಿತಲ್ಲ, ಅದರಲ್ಲಿ ಬಿಡ್ ನಿಂತದ್ದು 1 ಕೋಟಿ 5 ಲಕ್ಷಕ್ಕೆ, ಉಳಿದ 21 ಲಕ್ಷ ಪ್ರೀಮಿಯಂ. ಇಬೇಯಲ್ಲಿ ಕೊಳ್ಳುವವರ ಮೇಲೆ ಇಂಥ ಪ್ರೀಮಿಯಂ ಇಲ್ಲ, ಅಲ್ಲಿ ಶುಲ್ಕ ಬೀಳುವುದು ಮಾರುವವರ ಮೇಲೆ. ಆದ್ದರಿಂದ ನೀವು ನೋಡಿದ ಎರಡು ಬೆಲೆಗಳಿಗೂ ಸಾಗಣೆ ವೆಚ್ಚ ಮತ್ತು ತೆರಿಗೆಯನ್ನು ಸೇರಿಸಿ, ಕೈಬಿಟ್ಟು ಹೋದ ಒಟ್ಟು ಹಣವೆಷ್ಟು ಎಂದು ಲೆಕ್ಕ ಹಾಕಿಕೊಂಡು ಆಮೇಲೆ ಹೋಲಿಸಿ. ಅಂತರ ಅಲ್ಲೇ ಸ್ವಲ್ಪ ಇಳಿಯಬಹುದು.

ಈ ಲೆಕ್ಕದಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಪ್ರೀಮಿಯಂ ಸೇರಿ 6,000 ಡಾಲರ್ ದಾಟಬಾರದು ಎಂದು ನಿರ್ಧರಿಸಿದವರು, ಪ್ರೀಮಿಯಂ ಶೇ 20 ಆದ್ದರಿಂದ 6,000ದಲ್ಲಿ ಶೇ 20 ಕಳೆದು 4,800ಕ್ಕೆ ನಿಂತುಬಿಡುತ್ತಾರೆ. ಪ್ರೀಮಿಯಂ ಲೆಕ್ಕವಾಗುವುದು ಹ್ಯಾಮರ್ ಬೆಲೆಯ ಮೇಲೆ, ಒಟ್ಟು ಮೊತ್ತದ ಮೇಲಲ್ಲ. 6,000ವನ್ನು 1.2ರಿಂದ ಭಾಗಿಸಿದರೆ ಬರುವ 5,000ವೇ ನಿಮ್ಮ ನಿಜವಾದ ಮಿತಿ. ಆ 200 ಡಾಲರಿನ ಅಂತರದಲ್ಲಿ ಕಾರ್ಡ್ ಕೈತಪ್ಪಿ ಹೋಗುವುದು ಅಪರೂಪವೇನಲ್ಲ.

ಇಷ್ಟಾದ ಮೇಲೂ ಉಳಿಯುವ ವ್ಯತ್ಯಾಸಕ್ಕೆ ಕಾರಣವನ್ನು ಲೇಬಲಿನಲ್ಲಿ ಹುಡುಕಬೇಡಿ, ಕಾರ್ಡಿನಲ್ಲಿಯೇ ಹುಡುಕಿ. ಪಿಎಸ್ಎ ನಿಯಮಾವಳಿಯ ಪ್ರಕಾರ 4ನೇ ಗ್ರೇಡಿನ ಕಾರ್ಡಿನ ಮೂಲೆಗಳು ತುಸು ದುಂಡಾಗಿರಬಹುದು, ಮೇಲ್ಮೈಯಲ್ಲಿ ಸಣ್ಣ ಗೀರುಗಳಿರಬಹುದು, ಕಣ್ಣಿಗೆ ಬೀಳುವಂಥ ತೆಳುವಾದ ಒಂದು ಮಡಿಕೆಯೂ ಇರಬಹುದು. ಮುಂಭಾಗದ ಸೆಂಟರಿಂಗ್, ಅಂದರೆ ಎದುರುಬದುರಿನ ಅಂಚುಗಳ ಅಗಲದ ಅನುಪಾತ, 85ಕ್ಕೆ 15ರವರೆಗೆ ವಾಲಿದ್ದರೂ ನಡೆಯುತ್ತದೆ. ಅಂದರೆ ಚಿತ್ರ ಸರಿಯಾಗಿ ನಡುವೆ ಕುಳಿತು, ಬಣ್ಣ ತಾಜಾ ಇದ್ದು, ಹಿಂಬದಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಮಡಿಕೆ ಇರುವ ಕಾರ್ಡೂ 4. ಮಡಿಕೆಯೇ ಇಲ್ಲದೆ ಒಂದು ಬದಿಯ ಅಂಚು ಬಹುತೇಕ ಮಾಯವಾಗಿ, ಬಣ್ಣ ಮಂಕಾಗಿರುವ ಕಾರ್ಡೂ 4. 1955ರ ಟಾಪ್ಸ್ ಅಡ್ಡಡ್ಡ ವಿನ್ಯಾಸದ ಸರಣಿಯಾದ್ದರಿಂದ ಕ್ಲೆಮೆಂಟೆಯ ದೊಡ್ಡ ಮುಖಚಿತ್ರ ಮತ್ತು ಪಕ್ಕದ ಸಣ್ಣ ಪೂರ್ಣಚಿತ್ರ ಎರಡೂ ಒಂದೇ ಚೌಕಟ್ಟಿನಲ್ಲಿವೆ. ಬಿಳಿ ಅಂಚು ಒಂದು ಕಡೆಗೆ ಸರಿದರೆ ಅದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಅನುಭವಿ ಸಂಗ್ರಾಹಕರು ನೋಟದ ಅಂದಕ್ಕೆ ಹಣ ಕೊಡುತ್ತಾರೆಯೇ ಹೊರತು ಅಂಕಿಗಲ್ಲ, ಹಾಗಾಗಿ ಚೆನ್ನಾಗಿ ಕುಳಿತ 4ನೇ ಗ್ರೇಡಿನ ಕಾರ್ಡ್ ವಾಲಿದ 5ನ್ನು ಮೀರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಸರಾಸರಿಯ ವಿಚಾರಕ್ಕೆ ನನ್ನ ಸಮ್ಮತಿಯಿಲ್ಲ. ಎರಡೂ ಕಾರ್ಡುಗಳ ದೊಡ್ಡ ಸ್ಕ್ಯಾನ್ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ನಿಮಗೆ ಬೇಕಾದ ಕಾರ್ಡ್ ಯಾವುದಕ್ಕೆ ಹತ್ತಿರವಿದೆಯೋ ಆ ಬೆಲೆಯನ್ನು ಹಿಡಿಯಿರಿ. ಇನ್ನೊಂದು ಎಚ್ಚರಿಕೆಯೂ ಬೇಕು. ಇಬೇಯಲ್ಲಿ ಬೆಸ್ಟ್ ಆಫರ್, ಅಂದರೆ ಚೌಕಾಶಿಯ ಮೂಲಕ ಮಾರಾಟವಾದಾಗ ಪಟ್ಟಿಯಲ್ಲಿ ಮಾರುವವರು ಕೇಳಿದ ಬೆಲೆಯ ಮೇಲೆ ಗೆರೆ ಎಳೆದು ತೋರಿಸುತ್ತಾರೆ, ನಿಜವಾಗಿ ಒಪ್ಪಿದ ಮೊತ್ತ ಅಲ್ಲಿ ಕಾಣುವುದಿಲ್ಲ. ಗೆದ್ದವರು ಹಣ ಕೊಡದೆ ಜಾರಿಕೊಂಡ ಹರಾಜುಗಳೂ ಮಾರಾಟವಾದವುಗಳ ಸಾಲಿನಲ್ಲಿ ಉಳಿದುಬಿಡಬಹುದು. ಸ್ಲ್ಯಾಬಿನ (ಗ್ರೇಡ್ ಆದ ಕಾರ್ಡಿನ ಪ್ಲಾಸ್ಟಿಕ್ ಪೆಟ್ಟಿಗೆಯ) ಮೇಲಿನ ಪ್ರಮಾಣಪತ್ರದ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ, ಅದೇ ಕಾರ್ಡ್ ಮುಂದಿನ ತಿಂಗಳು ಮತ್ತೆ ಮಾರಾಟಕ್ಕೆ ಬಂದಾಗ ಹಿಂದಿನ ಬೆಲೆಯನ್ನು ಎಷ್ಟು ನಂಬಬೇಕೆಂದು ತಾನಾಗಿ ಗೊತ್ತಾಗುತ್ತದೆ.

ಕೊನೆಗಳಿಗೆ:

ಬೆಲೆಯ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಬಿಡ್ ಹಾಕುವ ವಿಚಾರಕ್ಕೆ ಬರುತ್ತೇನೆ. ಎರಡು ಕಡೆಯ ಗಡಿಯಾರಗಳು ಬೇರೆಯಾದ್ದರಿಂದ ಎರಡು ಕಡೆಯ ನಡೆಯೂ ಬೇರೆಯಾಗಲೇಬೇಕು.

ಇಬೇಯಲ್ಲಿ ಹರಾಜು ಮುಗಿಯುವ ಕ್ಷಣ ಮೊದಲೇ ಗೊತ್ತಾಗಿರುತ್ತದೆ, ಯಾರು ಏನೇ ಮಾಡಿದರೂ ಅದು ಮುಂದಕ್ಕೆ ಹೋಗುವುದಿಲ್ಲ. ನಿಮ್ಮ ಗರಿಷ್ಠ ಮೊತ್ತವನ್ನು ಒಮ್ಮೆ ಹಾಕಿದರೆ ಯಂತ್ರವೇ ನಿಮ್ಮ ಪರವಾಗಿ ಬೇಕಾದಷ್ಟು ಮಾತ್ರ ಏರಿಸುತ್ತಾ ಹೋಗುತ್ತದೆ. ನಿಮ್ಮ ಗರಿಷ್ಠ 3,000 ಡಾಲರ್, ಎರಡನೆಯವರ ಗರಿಷ್ಠ 2,400 ಎಂದಿಟ್ಟುಕೊಳ್ಳಿ. ಆ ಮಟ್ಟದಲ್ಲಿ ಒಂದು ಮೆಟ್ಟಿಲು 25 ಡಾಲರಾದ್ದರಿಂದ ನೀವು ಕೊಡುವುದು 2,425 ಮಾತ್ರ. ಹೀಗೆ ಗೆದ್ದವರು ಎರಡನೆಯವರ ಮೊತ್ತಕ್ಕೆ ಅನುಗುಣವಾಗಿ ಹಣ ಕೊಡುವ ವ್ಯವಸ್ಥೆಯಲ್ಲಿ ತನಗೆ ವಸ್ತು ನಿಜವಾಗಿ ಎಷ್ಟು ಬೆಲೆಯದೋ ಅಷ್ಟನ್ನೇ ಹೇಳುವುದು ಎಲ್ಲರಿಗೂ ಒಳಿತು ಎಂದು ವಿಲಿಯಂ ವಿಕ್ರಿ 1961ರಲ್ಲಿಯೇ ತೋರಿಸಿದ್ದರು, ಮುಂದೆ 1996ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಕೂಡ ಬಂತು.

ಲೆಕ್ಕ ಹೀಗಿದ್ದರೆ ಮೊದಲ ದಿನವೇ ಬಿಡ್ ಹಾಕಿ ಮಲಗಬಹುದಲ್ಲ ಎಂದು ನೀವು ಕೇಳಬಹುದು. ಎದುರಿನವರೂ ಹಾಗೆಯೇ ನಡೆದುಕೊಂಡರೆ ಮಲಗಬಹುದು. ಆದರೆ ಬಹಳ ಜನ ತಮ್ಮ ಮಿತಿಯನ್ನು ಮೊದಲೇ ನಿರ್ಧರಿಸಿರುವುದಿಲ್ಲ. ನೀವು ಮೇಲಿದ್ದೀರಿ ಎಂದು ಕಂಡಾಗ ಒಂದೊಂದೇ ಮೆಟ್ಟಿಲು ತಳ್ಳಿ ನಿಮ್ಮ ಮಿತಿ ಎಲ್ಲಿದೆಯೆಂದು ತಡಕಾಡುತ್ತಾರೆ. ಕೊನೆಯ ಕೆಲವು ಸೆಕೆಂಡುಗಳಲ್ಲಿ ಬಿಡ್ ಹಾಕಿದರೆ ಅವರಿಗೆ ತಡಕಾಡಲು ಸಮಯ ಸಿಗುವುದಿಲ್ಲ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು ಇಬೇಯನ್ನೂ ಆಗ ನಡೆಯುತ್ತಿದ್ದ ಅಮೆಜಾನಿನ ಹರಾಜನ್ನೂ ಹೋಲಿಸಿ ನೋಡಿದ್ದರು. ಕೊನೆಯಲ್ಲಿ ಬಿಡ್ ಬಂದರೆ ಅವಧಿ ತಾನಾಗಿ ಮುಂದೆ ಹೋಗುತ್ತಿದ್ದ ಅಮೆಜಾನಿಗಿಂತ ಇಬೇಯಲ್ಲಿ ಕೊನೆಯ ಗಳಿಗೆಯ ಬಿಡ್‌ಗಳು ಎಷ್ಟೋ ಹೆಚ್ಚು ಇದ್ದವು.

ಕ್ಯಾಟಲಾಗ್ ಹರಾಜಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಅನೇಕ ಸಂಸ್ಥೆಗಳಲ್ಲಿ ನಿಗದಿತ ಗಂಟೆಯ ಮೊದಲು ಆ ಲಾಟಿನ (ಹರಾಜಿಗಿಟ್ಟ ವಸ್ತುವಿನ) ಮೇಲೆ ಒಮ್ಮೆಯಾದರೂ ಬಿಡ್ ಹಾಕಿದವರಿಗೆ ಮಾತ್ರ ವಿಸ್ತರಣೆಯ ಅವಧಿಯಲ್ಲಿ ಪ್ರವೇಶವಿರುತ್ತದೆ. ಆಮೇಲೆ ಹದಿನೈದೋ ಮೂವತ್ತೋ ನಿಮಿಷ ಯಾರೂ ಬಿಡ್ ಹಾಕದಿದ್ದರೆ ಹರಾಜು ಮುಗಿಯುತ್ತದೆ, ಹಾಕಿದರೆ ಗಡಿಯಾರ ಮತ್ತೆ ಮೊದಲಿನಿಂದ ಓಡುತ್ತದೆ. ಕೆಲವು ಕಡೆ ಈ ಗಡಿಯಾರ ಲಾಟಿಗೊಂದು ಇರುತ್ತದೆ, ಇನ್ನು ಕೆಲವು ಕಡೆ ಇಡೀ ಹರಾಜಿಗೆ ಒಂದೇ. ನಿಮಗೆ ಬೇಕಾದ ಲಾಟಿನ ಮೇಲೆ ಆರಂಭದಲ್ಲಿಯೇ ಒಂದು ಸಣ್ಣ ಬಿಡ್ ಹಾಕಿ ಬಾಗಿಲು ತೆರೆದಿಟ್ಟುಕೊಳ್ಳಿ. ಆಮೇಲಿನದು ನಿದ್ದೆಗೂ ಹಟಕ್ಕೂ ನಡುವಿನ ಪೈಪೋಟಿ, ಅದರಲ್ಲಿ ಮಿತಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡವರೇ ಕಡಿಮೆ ಪೆಟ್ಟು ತಿನ್ನುವುದು.

ಬೂದುಬೆನ್ನು:

ಕೊನೆಗಳಿಗೆಯವರ ಮಾತಿಗೆ ಒಂದು ತಿದ್ದುಪಡಿ. ಎರಡನೆಯವರ ಮೊತ್ತಕ್ಕೆ ತಕ್ಕಂತೆ ಹಣ ಕೊಡುವುದು ನಿಮಗೆ ರಕ್ಷಣೆಯಾಗಬೇಕಾದರೆ ಆ ಎರಡನೆಯವರು ನಿಜವಾದವರಾಗಿರಬೇಕು. ಮಾರುವವರ ಕಡೆಯವರೇ ಸುಳ್ಳು ಬಿಡ್ ಹಾಕಿ ಏರಿಸಿದರೆ ನಿಮ್ಮ ಗರಿಷ್ಠ ಮೊತ್ತವೇ ನಿಮ್ಮ ಬೆಲೆಯಾಗಿಬಿಡುತ್ತದೆ. ಇದನ್ನೇ ಶಿಲ್ ಬಿಡ್ಡಿಂಗ್ ಎನ್ನುವುದು, ಮತ್ತು ಈ ಹವ್ಯಾಸದ ಅತ್ಯಂತ ಪ್ರಸಿದ್ಧ ಕಾರ್ಡಿನ ಕಥೆಯೂ ಅದಕ್ಕೆ ಅಂಟಿಕೊಂಡಿದೆ.

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯ ಸಿಗರೇಟು ಪ್ಯಾಕುಗಳೊಂದಿಗೆ ಬಂದ ಟಿ206 ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡುಗಳಲ್ಲಿ ಒಂದನ್ನು 1991ರಲ್ಲಿ ಸದಬೀಸ್ ಹರಾಜಿನಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವರ ತಂಡದ ಒಡೆಯ ಬ್ರೂಸ್ ಮೆಕ್‌ನಾಲ್ ಸೇರಿ 4,51,000 ಡಾಲರಿಗೆ ಕೊಂಡರು. ಆಗಷ್ಟೇ ಶುರುವಾಗಿದ್ದ ಪಿಎಸ್ಎ ಗ್ರೇಡ್ ಮಾಡಿದ ಮೊತ್ತಮೊದಲ ಕಾರ್ಡ್ ಇದೇ, ಸಿಕ್ಕಿದ್ದು 8. ಕೈಯಿಂದ ಕೈಗೆ ಹೋಗುತ್ತಾ 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಅಷ್ಟು ವರ್ಷಗಳೂ ಅದರ ಅಂಚುಗಳ ಬಗ್ಗೆ ಗುಸುಗುಸು ನಡೆದೇ ಇತ್ತು. ಕೊನೆಗೆ 2013ರಲ್ಲಿ, ಒಂದು ಕಾಲಕ್ಕೆ ಈ ಕ್ಷೇತ್ರದ ದೊಡ್ಡ ಹರಾಜು ಸಂಸ್ಥೆಯ ಒಡೆಯರಾಗಿದ್ದ ಬಿಲ್ ಮಾಸ್ಟ್ರೊ ವಂಚನೆಯ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡಾಗ, ಆ ಕಾರ್ಡಿನ ಅಂಚನ್ನು ತಾವೇ ಕತ್ತರಿಸಿದ್ದಾಗಿಯೂ ತಮ್ಮ ಹರಾಜುಗಳಲ್ಲಿ ಸುಳ್ಳು ಬಿಡ್‌ಗಳು ನಡೆದಿದ್ದಾಗಿಯೂ ಒಪ್ಪಿದರು. 2015ರಲ್ಲಿ 20 ತಿಂಗಳ ಸೆರೆವಾಸ ವಿಧಿಸಲಾಯಿತು. ಈಗ ಯೋಚಿಸಿ, ಆ ಸಂಸ್ಥೆಯ ಹಳೆಯ ಬೆಲೆಪಟ್ಟಿಗಳನ್ನು ಆಧಾರವಾಗಿಟ್ಟುಕೊಂಡು ಬೇರೆ ಕಡೆ ಬಿಡ್ ಹಾಕಿದವರು ಎಷ್ಟು ಜನರಿರಬಹುದು. ಒಂದು ಕಡೆಯ ಸುಳ್ಳು ಬೆಲೆ ಅಲ್ಲಿಗೇ ನಿಲ್ಲುವುದಿಲ್ಲ, ಮುಂದಿನ ಹರಾಜಿಗೆ ಅದೇ ಸಾಕ್ಷಿಯಾಗಿ ಹೋಗುತ್ತದೆ.

ಎದುರಾಳಿ ನಿಜವೋ ಅಲ್ಲವೋ ಎಂದು ಹೊರಗಿನಿಂದ ಖಚಿತವಾಗಿ ಹೇಳಲು ಬರುವುದಿಲ್ಲ. ಒಬ್ಬನೇ ಮಾರಾಟಗಾರನ ವಸ್ತುಗಳ ಮೇಲೆ ಮಾತ್ರ ಮತ್ತೆ ಮತ್ತೆ ಬಿಡ್ ಹಾಕಿ, ಯಾವತ್ತೂ ಗೆಲ್ಲದೆ ಎರಡನೆಯ ಸ್ಥಾನದಲ್ಲಿ ನಿಲ್ಲುವ ಖಾತೆ ಕಂಡರೆ ಅನುಮಾನಿಸಬಹುದು, ಅಷ್ಟೇ. ಸಂಸ್ಥೆಯ ನಿಯಮಗಳಲ್ಲಿ ತಮ್ಮ ನೌಕರರಿಗೆ ಅಥವಾ ಕಾರ್ಡ್ ಒಪ್ಪಿಸಿದವರಿಗೆ ಬಿಡ್ ಹಾಕಲು ಅವಕಾಶವಿದೆಯೇ, ಬಹಿರಂಗಪಡಿಸದ ರಿಸರ್ವ್ ಬೆಲೆ (ಅದಕ್ಕಿಂತ ಕಡಿಮೆಗೆ ಮಾರದ ಕನಿಷ್ಠ ಬೆಲೆ) ಇದೆಯೇ ಎಂದು ಓದಿ. ಆ ಸಣ್ಣ ಅಕ್ಷರಗಳನ್ನು ಓದುವವರೇ ಕಡಿಮೆ.

ಗ್ರೇಡ್ ಇಲ್ಲದ ಕಾರ್ಡ್ ಅಗ್ಗವೆಂದು ಆ ಕಡೆ ತಿರುಗಬೇಡಿ. ಇಬೇಯಲ್ಲಿ ಗ್ರೇಡ್ ಆಗದ ಬೇಸ್‌ಬಾಲ್ ಕಾರ್ಡುಗಳನ್ನು ಕೊಂಡು ಗ್ರೇಡ್ ಮಾಡಿಸಿ ನೋಡಿದ ಜಿನ್ ಮತ್ತು ಕ್ಯಾಟೊ ಅವರ ಅಧ್ಯಯನವೊಂದು 2006ರಲ್ಲಿ ಪ್ರಕಟವಾಗಿತ್ತು. ಬಹಳ ಚೆನ್ನಾಗಿದೆ ಎಂದು ಮಾರುವವರು ಹೇಳಿಕೊಂಡ ಕಾರ್ಡುಗಳಿಗೆ ಜನ ಹೆಚ್ಚು ಹಣ ಕೊಟ್ಟಿದ್ದರು, ಆದರೆ ಗುಣಮಟ್ಟ ಅದಕ್ಕೆ ತಕ್ಕಂತೆ ಹೆಚ್ಚಿರಲಿಲ್ಲ.

ನಿಧಾನಿ:

ಎಲ್ಲರಿಗೂ ಧನ್ಯವಾದಗಳು. ಸ್ಕ್ಯಾನ್ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಹೆಚ್ಚು ಬೆಲೆಗೆ ಹೋದ ಕಾರ್ಡಿನ ಸೆಂಟರಿಂಗ್ ಸ್ಪಷ್ಟವಾಗಿ ಉತ್ತಮವಾಗಿದೆ, ಕಡಿಮೆ ಬೆಲೆಯದರ ಎಡ ಅಂಚು ತೀರಾ ಕಿರಿದು. ಪ್ರೀಮಿಯಂ, ಸಾಗಣೆ, ತೆರಿಗೆ ಎಲ್ಲ ಸೇರಿಸಿ ನೋಡಿದ ಮೇಲೂ ಉಳಿದ ಅಂತರ ಇಷ್ಟಕ್ಕೇ ಹೊಂದುತ್ತದೆ ಎನಿಸುತ್ತಿದೆ. ಒಂದು ಅಳುಕು ಮಾತ್ರ ಉಳಿದಿದೆ: ಎಲ್ಲರಿಗಿಂತ ಹೆಚ್ಚು ಕೊಡಲು ಒಪ್ಪಿದವನೇ ಗೆಲ್ಲುವುದಾದರೆ, ಗೆಲ್ಲುವುದೆಂದರೆ ಹೆಚ್ಚು ಕೊಟ್ಟೆ ಎಂದೇ ಅರ್ಥವಲ್ಲವೇ?

ಲಾಟ್‌ನೋಟ:

ಅದು ಹಳೆಯ ಅಳುಕು. ತೈಲ ನಿಕ್ಷೇಪಗಳ ಹರಾಜಿನ ಬಗ್ಗೆ 1971ರಲ್ಲಿ ಮೂವರು ಎಂಜಿನಿಯರುಗಳು ಇದನ್ನೇ ಬರೆದರು. ನೆಲದಡಿಯ ತೈಲದ ಬೆಲೆ ಎಲ್ಲರಿಗೂ ಒಂದೇ ಆಗಿದ್ದು, ಅಂದಾಜು ಮಾತ್ರ ಬೇರೆಬೇರೆಯಾದಾಗ, ಗೆಲ್ಲುವವನು ಬೆಲೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಅಂದಾಜು ಮಾಡಿದವನೇ ಆಗಿರುತ್ತಾನೆ. ಮತ್ತೆ ಮಾರುವ ಉದ್ದೇಶದಿಂದಲೇ ಕೊಳ್ಳುವವರಿಗೆ ಕಾರ್ಡೂ ಹಾಗೆಯೇ. 2021ರ ಜನವರಿಯಲ್ಲಿ ಫ್ಲೀರ್ ಕಂಪನಿಯ 1986ರ ಮೈಕಲ್ ಜೋರ್ಡನ್ ಕಾರ್ಡ್, ಪಿಎಸ್ಎ 10, 7,38,000 ಡಾಲರಿಗೆ ಹೋಯಿತು. ಎರಡು ವರ್ಷದೊಳಗೆ ಅದೇ ಗ್ರೇಡಿನವು 2 ಲಕ್ಷದ ಆಸುಪಾಸಿಗೆ ಇಳಿದವು. ಆ ಮಟ್ಟದಲ್ಲಿ ಬೆಲೆಯನ್ನು ಹಿಡಿದಿಡಲು ಕೊನೆಯವರೆಗೂ ಸೆಣಸುವ ಇಬ್ಬರು ಸಾಕು, ಅವರಿಗೆ ಒಂದೊಂದು ಸಿಕ್ಕಿದ ಮೇಲೆ ಮೂರನೆಯವರು ಎಷ್ಟಕ್ಕೆ ನಿಲ್ಲುತ್ತಾರೋ ಅದೇ ಮುಂದಿನ ಬೆಲೆ. ಆದ್ದರಿಂದ ಗೆದ್ದವರ ಮೊತ್ತದ ಜೊತೆಗೆ ಬಿಡ್ ಚರಿತ್ರೆಯಲ್ಲಿ ಮೂರನೆಯ, ನಾಲ್ಕನೆಯ ಬಿಡ್‌ದಾರರು ಎಲ್ಲಿ ಕೈಬಿಟ್ಟರೆಂದೂ ನೋಡಿ. ನೀವು ಮುಂದೆ ಮಾರಬೇಕಾಗಿ ಬಂದರೆ ಆ ಮಟ್ಟವೇ ನಿಮ್ಮ ನೆಲ.

ನೀವು ಇಟ್ಟುಕೊಳ್ಳಲೆಂದೇ ಕೊಳ್ಳುವವರಾದರೆ ಸಂಗತಿ ಬೇರೆ, ಆ ಕಾರ್ಡ್ ನಿಮಗೆ ಎಷ್ಟು ಬೇಕು ಎಂಬುದನ್ನು ಬೇರೆಯವರ ಅಂದಾಜು ಸುಳ್ಳು ಮಾಡಲಾರದು. ಅದಲ್ಲದೆ ಕ್ಲೆಮೆಂಟೆಯ ಈ ಕಾರ್ಡ್ ಅಪರೂಪದ್ದಲ್ಲ. ಪಿಎಸ್ಎ ಒಂದೇ ಇಂಥವನ್ನು ಸಾವಿರಾರು ಸಂಖ್ಯೆಯಲ್ಲಿ ಗ್ರೇಡ್ ಮಾಡಿದೆ, 4ನೇ ಗ್ರೇಡಿನವು ಹರಾಜಿಗೆ ಬರುತ್ತಲೇ ಇರುತ್ತವೆ. ಮಿತಿ ದಾಟಿದರೆ ಬಿಟ್ಟುಬಿಡಿ. ಸೆಂಟರಿಂಗ್ 65ಕ್ಕೆ 35ರೊಳಗೆ ಇದ್ದು, ಮಡಿಕೆ ಹಿಂಬದಿಯಲ್ಲಿ ಮಾತ್ರ ಇರುವ ಪ್ರತಿ ಬಂದಾಗ ಮಾತ್ರ ಹೆಚ್ಚು ಬೆಲೆಗೆ ಹೋದ ಆ ಕಾರ್ಡಿನ ಮಟ್ಟದವರೆಗೆ ಹೋಗಿ, ಉಳಿದವಕ್ಕೆ ಇಬೇಯ ಬೆಲೆಯೇ ಸಾಕು.